ರಾಜಶೇಖರನ ಮೊಳೆ

೧೯೮೧ರಲ್ಲಿ ನಾನು ತಿಪಟೂರಿನ ಒಂದು ಜೂನಿಯರ್ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೆ. ಊರಿನವರ ಬಾಯಲ್ಲಿ ಪಿ.ಟಿ. ಮೇಷ್ಟ್ರು. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಬೆಳಿಗ್ಗೆ ಡ್ರಿಲ್, ಸಂಜೆ ಆಟ, ನಡುವೆ ಯಾವ ಮೇಷ್ಟ್ರು ರಜೆ ಹಾಕಿದರೂ ಅವರ ತರಗತಿಗೆ ಹೋಗಿ ಗಲಾಟೆಯಾಗದಂತೆ ಕೂತಿರುವುದು, ಇಷ್ಟು ನನ್ನ ಕೆಲಸ. ಇವುಗಳಲ್ಲಿ ನನಗೆ ಮನಸ್ಸಿದ್ದದ್ದು ಸಂಜೆಯ ಆಟದಲ್ಲಿ, ಅದರಲ್ಲೂ ಕ್ರಿಕೆಟ್ಟಿನಲ್ಲಿ ಮಾತ್ರ.

ಎದುರಾಳಿಯ ಮನಸ್ಸು ಕೆಡಿಸಲೆಂದು ಮೈದಾನದಲ್ಲಿ ಆಡುವ ಮಾತಿಗೆ ಸ್ಲೆಡ್ಜಿಂಗ್ ಎಂಬ ಹೆಸರಿದೆ ಎಂದು ನನಗೆ ಗೊತ್ತಾದದ್ದು ಅದರ ಮುಂದಿನ ವರ್ಷ. ನಮ್ಮ ಕಡೆ ಅದನ್ನು ಕಿಚಾಯಿಸುವುದು ಎನ್ನುತ್ತಿದ್ದೆವು. ಹೆಸರು ಗೊತ್ತಿಲ್ಲದಿದ್ದರೂ ಕೆಲಸ ಚೆನ್ನಾಗಿ ಗೊತ್ತಿತ್ತು. ಕಿಚಾಯಿಸಿದವರಿಗೆ ಆಟಗಾರ ಹೇಗೆ ಉತ್ತರ ಕೊಡಬೇಕು ಎಂದು ನನ್ನನ್ನು ಈ ಊರುಗಳಲ್ಲಿ ಇಂದಿಗೂ ಕೇಳುತ್ತಾರೆ. ಆ ವಿಷಯದಲ್ಲಿ ನಾನೇ ತಜ್ಞ ಎಂಬ ಮಾತು ಹೇಗೋ ಹಬ್ಬಿಬಿಟ್ಟಿದೆ. ಹೇಗೆ ಹಬ್ಬಿತು ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ರಾಜಶೇಖರನ ವಿಷಯ ಹೇಳಬೇಕು. ಅವನು ನೊಣವಿನಕೆರೆಯವನು, ನನಗೆ ಸರಿಯಾಗಿ ಒಂದೇ ವಯಸ್ಸು. ತುಮಕೂರಿನಲ್ಲಿ ಓದುವಾಗ ಇಬ್ಬರೂ ಒಂದೇ ಟೀಮಿನಲ್ಲಿ ಆಡಿದೆವು. ೧೯೬೬ರಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ನಡೆದಾಗ ನಮ್ಮ ಕಾಲೇಜಿನಿಂದ ಒಬ್ಬನನ್ನು ತೆಗೆದುಕೊಂಡರು. ಅವನು ರಾಜಶೇಖರ. ನನ್ನನ್ನು ಹನ್ನೆರಡನೆಯವನಾಗಿ ಕರೆದುಕೊಂಡು ಹೋದರು. ಮೂರು ಪಂದ್ಯಗಳಲ್ಲಿ ಅವನು ಬ್ಯಾಟ್ ಹಿಡಿದ, ನಾನು ನೀರಿನ ಜಗ್ಗು ಹಿಡಿದೆ. ನೀರು ಕುಡಿದು ಲೋಟ ಕೊಡುವಾಗ ಪ್ರತಿ ಸಲವೂ ಅವನು ‘ಥ್ಯಾಂಕ್ಸ್ ಕಣೋ ಗಂಗಾಧರ’ ಎನ್ನುತ್ತಿದ್ದ. ಅದು ನನಗೆ ಮೈಯೆಲ್ಲಾ ಉರಿಸುತ್ತಿತ್ತು. ಅವನು ಸೊಕ್ಕಿನ ಮನುಷ್ಯನಾಗಿದ್ದರೆ ನನ್ನ ಬದುಕು ಎಷ್ಟೋ ಹಗುರವಾಗಿರುತ್ತಿತ್ತು.

ಆಮೇಲೆ ಇಬ್ಬರೂ ಒಂದೇ ತರಬೇತಿ ಮುಗಿಸಿ ಒಂದೇ ಕೆಲಸಕ್ಕೆ ಬಂದೆವು. ಅವನಿಗೆ ಚಿಕ್ಕನಾಯಕನಹಳ್ಳಿ, ನನಗೆ ತಿಪಟೂರು. ತಿಪಟೂರು ದೊಡ್ಡ ಊರು, ರೈಲಿದೆ, ಕೊಬ್ಬರಿ ಮಾರುಕಟ್ಟೆ ಇದೆ, ಈ ಒಂದರಲ್ಲಾದರೂ ಗೆದ್ದೆ ಎಂದುಕೊಂಡೆ. ಆದರೆ ೧೯೭೮ರಿಂದ ಮೂರು ವರ್ಷ ಸತತವಾಗಿ ತಾಲ್ಲೂಕುಗಳ ನಡುವಿನ ಕ್ರಿಕೆಟ್ ಕಪ್ಪನ್ನು ಚಿಕ್ಕನಾಯಕನಹಳ್ಳಿಯವರೇ ಎತ್ತಿಕೊಂಡು ಹೋದರು. ನಮ್ಮ ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೆ, ‘ಅಲ್ಲ ಕಣ್ರೀ ಗಂಗಾಧರಪ್ಪ, ಆ ಗುಡ್ಡದ ಊರಲ್ಲಿ ಒಂದು ನೆಟ್ಟಗಿರೋ ಮೈದಾನ ಇಲ್ಲ, ಅವರು ಹೆಂಗೆ ಗೆಲ್ತಾರೆ?’ ಎಂದು ಕೇಳಿದರು. ಮನೆಗೆ ಬಂದರೆ ನನ್ನ ಹೆಂಡತಿ ಕಮಲ, ‘ರಾಜಶೇಖರಪ್ಪನವರು ಎಷ್ಟು ಸಮಾಧಾನ ನೋಡಿ, ನೀವೂ ಇದೀರ’ ಎನ್ನುತ್ತಿದ್ದಳು. ಅವನು ಯಾವಾಗಲೋ ನಮ್ಮ ಮನೆಗೆ ಬಂದಾಗ ಊಟ ಮಾಡಿದ ತಟ್ಟೆಯನ್ನು ತಾನೇ ಎತ್ತಿಟ್ಟಿದ್ದನಂತೆ. ಆ ತಟ್ಟೆಯ ಕತೆಯನ್ನು ನಾನು ಕಡಿಮೆಯೆಂದರೂ ಇಪ್ಪತ್ತು ಸಲ ಕೇಳಿದ್ದೇನೆ.

ಅವನು ಗೆಲ್ಲುತ್ತಿದ್ದ ಗುಟ್ಟು ಬೌಲಿಂಗಿನಲ್ಲಿ ಇರಲಿಲ್ಲ. ಅವನ ಹುಡುಗರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಅಷ್ಟೇ. ಅದಕ್ಕೆ ಅವನು ಒಂದು ಉಪಾಯ ಹೇಳಿಕೊಟ್ಟಿದ್ದ. ಅದನ್ನು ತಿಳಿಯಬೇಕಾದರೆ ಮ್ಯಾಟಿನ ವಿಷಯ ಸ್ವಲ್ಪ ಗೊತ್ತಿರಬೇಕು. ನಮ್ಮಲ್ಲಿ ಹುಲ್ಲಿನ ಪಿಚ್ ಎಲ್ಲಿಂದ ಬರಬೇಕು? ಗಟ್ಟಿ ನೆಲದ ಮೇಲೆ ತೆಂಗಿನ ನಾರಿನ ಮ್ಯಾಟ್ ಹಾಸಿ ಆಡುತ್ತಿದ್ದೆವು. ಇಪ್ಪತ್ತೆರಡು ಗಜದ ಮ್ಯಾಟು, ಸುರುಳಿ ಸುತ್ತಿದರೆ ಎತ್ತಲು ಆರು ಜನ ಬೇಕು. ಅದರ ಅಂಚಿನುದ್ದಕ್ಕೂ ಆರಿಂಚಿನ ಕಬ್ಬಿಣದ ಮೊಳೆಗಳನ್ನು ಹೊಡೆದು ನೆಲಕ್ಕೆ ಬಿಗಿಯುತ್ತಿದ್ದೆವು. ನಮ್ಮ ಮ್ಯಾಟಿಗೆ ಹದಿನಾರು ಮೊಳೆ. ಬೆಳಿಗ್ಗೆ ನೀರು ಚಿಮುಕಿಸಿ ಬಿಗಿದ ನಾರು ಬಿಸಿಲೇರಿದಂತೆ ಒಣಗಿ ಸಡಿಲವಾಗುತ್ತದೆ. ಸಡಿಲವಾದ ಮ್ಯಾಟಿನ ಮೇಲೆ ಚೆಂಡು ಎಲ್ಲಿಗೆ ಏಳುತ್ತದೋ ದೇವರಿಗೇ ಗೊತ್ತು. ಹಾಗಾಗಿ ಬ್ಯಾಟು ಮಾಡುವವನು ಯಾವಾಗ ಬೇಕಾದರೂ ಆಟ ನಿಲ್ಲಿಸಿ ಮೊಳೆ ನೋಡಿಕೊಳ್ಳಬಹುದು ಎಂಬುದು ನಮ್ಮ ಕಡೆಯ ವಾಡಿಕೆ.

ರಾಜಶೇಖರ ತನ್ನ ಹುಡುಗರಿಗೆ ಹೇಳಿಕೊಟ್ಟದ್ದು ಇಷ್ಟೇ. ಯಾರಾದರೂ ಏನಾದರೂ ಅಂದರೆ ಬಾಯಲ್ಲಿ ಉತ್ತರ ಕೊಡಬೇಡಿ, ದುರುಗುಟ್ಟಿ ನೋಡಲೂ ಬೇಡಿ. ನೆಟ್ಟಗೆ ಹೋಗಿ ಒಂದು ಮೊಳೆಯನ್ನು ಬ್ಯಾಟಿನ ಹಿಡಿಯಿಂದ ಕುಟ್ಟಿ ಬನ್ನಿ. ಕೇಳಿದರೆ ನಗು ಬರುತ್ತದೆ. ಆದರೆ ಬಗ್ಗಿ ಎದ್ದು ಬರುವಷ್ಟರಲ್ಲಿ ಉಸಿರು ಹದಕ್ಕೆ ಬಂದಿರುತ್ತದೆ. ಓಡಿ ಬರಲು ಸಿದ್ಧನಾಗಿದ್ದ ಬೌಲರ್ ನಿಂತಲ್ಲೇ ನಿಂತು ಲಯ ಕಳೆದುಕೊಳ್ಳುತ್ತಾನೆ. ಅಂದವನಿಗೆ ತಾನು ಅಂದದ್ದು ತಲುಪಿತೋ ಇಲ್ಲವೋ ಎಂದೇ ಗೊತ್ತಾಗುವುದಿಲ್ಲ. ಇದರ ಜೊತೆಗೆ ಮ್ಯಾಟೂ ಬಿಗಿಯಾಗುತ್ತದೆ. ಹನ್ನೊಂದು ವರ್ಷ ಆ ಮೊಳೆಗಳನ್ನು ನನ್ನ ಕೈಯಾರೆ ಹೊಡೆದು ಕಿತ್ತವನು ನಾನು. ಒಂದು ದಿನವೂ ನನಗೆ ಇದು ಹೊಳೆಯಲಿಲ್ಲ. ಅವನ ಹುಡುಗನೊಬ್ಬ ಮೊದಲ ಸಲ ಹೀಗೆ ಮಾಡಿದ್ದನ್ನು ನೋಡಿ ಅರ್ಥವಾದ ಸಂಜೆ ನಾನು ಸರಿಯಾಗಿ ಊಟ ಮಾಡಲಿಲ್ಲ.

೧೯೮೧ರ ಸೀಸನ್ನಿನಲ್ಲಿ ಕಪ್ಪಿಗಿಂತ ದೊಡ್ಡದೊಂದು ಸೇರಿಕೊಂಡಿತು. ಮುಂದಿನ ಬೇಸಿಗೆಯಲ್ಲಿ ಆರು ವಾರಗಳ ಕ್ರಿಕೆಟ್ ಕೋಚಿಂಗ್ ಕೋರ್ಸಿಗೆ ನಮ್ಮ ಜಿಲ್ಲೆಯಿಂದ ಒಬ್ಬ ಶಿಕ್ಷಕನನ್ನು ಕಳಿಸುತ್ತಾರೆಂದು ಅಕ್ಟೋಬರಿನಲ್ಲಿ ತುಮಕೂರಿನ ಸಭೆಯಲ್ಲಿ ತಿಳಿಸಿದರು. ಹೋಗಿ ಬಂದವನಿಗೆ ಕೋಚ್ ಎಂಬ ಸರ್ಟಿಫಿಕೇಟು. ಜಿಲ್ಲಾ ತಂಡವೂ ಅವನ ಕೈಗೇ. ಪಿ.ಟಿ. ಮೇಷ್ಟ್ರಿಗೆ ಅದಕ್ಕಿಂತ ಹೆಚ್ಚಿನದು ಇರಲಿಲ್ಲ. ಸಭೆಯಲ್ಲಿದ್ದ ಜಿಲ್ಲಾ ಅಧಿಕಾರಿ ನಮ್ಮಿಬ್ಬರ ಕಡೆ ನೋಡಿ, ‘ನಿಮ್ಮಿಬ್ಬರಲ್ಲೇ ಒಬ್ಬರು. ಫೈನಲ್ ಮುಗೀಲಿ, ನೋಡೋಣ’ ಎಂದರು.

ವಾಪಸು ಬರುವಾಗ ಒಂದೇ ಬಸ್ಸು. ಕೆ.ಬಿ. ಕ್ರಾಸಿನಲ್ಲಿ ಅವನು ಇಳಿದು ಚಿಕ್ಕನಾಯಕನಹಳ್ಳಿಯ ಬಸ್ಸು ಹಿಡಿಯಬೇಕು. ‘ಇಳಿಯೋ, ಒಂದು ಎಳನೀರು ಕುಡ್ಕೊಂಡು ಮುಂದಿನ ಬಸ್ಸಿಗೆ ಹೋಗುವಂತೆ’ ಎಂದು ನನ್ನನ್ನೂ ಇಳಿಸಿದ. ಕೋರ್ಸಿನ ಮಾತು ತೆಗೆಯುತ್ತಾನೆಂದು ನಾನು ಕಾದೆ. ಅವನು ತೆಗೆದದ್ದು ಬೇರೆ.

ಅವನ ಮನೆಯಲ್ಲಿ ಎರಡು ವರ್ಷದಿಂದ ಓಂಕಾರ ಎಂಬ ಹುಡುಗ ಇದ್ದ. ಹಂದನಕೆರೆಯ ರೈತರ ಮನೆಯ ಮೂರನೆಯ ಮಗ. ಊರಿಂದ ದಿನಾ ಓಡಾಡುವುದು ಕಷ್ಟವೆಂದು ಮೇಷ್ಟ್ರ ಮನೆಯಲ್ಲೇ ಇದ್ದುಕೊಂಡು ಎರಡನೇ ಪಿ.ಯು.ಸಿ. ಓದುತ್ತಿದ್ದ. ನಮ್ಮ ಸುತ್ತಿನ ತಾಲ್ಲೂಕುಗಳಲ್ಲಿ ಅವನಂತೆ ಬ್ಯಾಟು ಮಾಡುವವನು ಇನ್ನೊಬ್ಬ ಇರಲಿಲ್ಲ. ರಾಜಶೇಖರನಿಗೆ ಮದುವೆಯಾಗಿ ಹನ್ನೆರಡು ವರ್ಷ, ಮಕ್ಕಳಿರಲಿಲ್ಲ. ಎಳನೀರಿನ ಬುರುಡೆಯನ್ನು ಕೈಯಲ್ಲಿ ತಿರುಗಿಸುತ್ತಾ ಅವನು ಹೇಳಿದ: ‘ಹೋದ ತಿಂಗಳು ಹಂದನಕೆರೆಗೆ ಹೋಗಿದ್ದೆ ಕಣೋ. ಅವರಪ್ಪನ್ನ ಕೇಳ್ದೆ. ಇವನನ್ನ ನಮ್ಮ ಮಗ ಅಂತ್ಲೇ ಇಟ್ಕೊತೀವಿ ಅಂದೆ. ಆ ಮನುಷ್ಯ ಅತ್ತುಬುಟ್ಟ. ಹುಡುಗ ಒಪ್ಪಿದ್ರೆ ಕರ್ಕೊಳಿ ಅಂದ.’

‘ಹುಡುಗ ಏನಂದ?’ ಎಂದೆ.

‘ಅವನನ್ನ ಇನ್ನೂ ಕೇಳಿಲ್ಲ. ಬಾಯೇ ಬತ್ತಿಲ್ಲ. ಫೈನಲ್ ಮುಗೀಲಿ ಅಂತ ಇದೀನಿ. ನಮ್ಮನೇವ್ಳು ದಿನಾ ಕೇಳ್ತಾಳೆ, ಇವತ್ತು ಕೇಳಿದ್ರಾ ಅಂತ.’ ಬುರುಡೆಯನ್ನು ಕೆಳಗಿಟ್ಟು, ‘ನಿನಗೊಬ್ಬನಿಗೇ ಹೇಳ್ತಿರೋದು ಕಣಪ್ಪ’ ಎಂದ.

ನನಗೆ ಮೂವರು ಮಕ್ಕಳು. ಇಬ್ಬರು ಗಂಡುಮಕ್ಕಳು ಬ್ಯಾಟನ್ನು ಮುಟ್ಟುತ್ತಿರಲಿಲ್ಲ. ಮಕ್ಕಳಿಲ್ಲದ ಸ್ನೇಹಿತ ಎದುರಿಗೆ ಕೂತು ಕಣ್ಣು ಒದ್ದೆ ಮಾಡಿಕೊಂಡಿದ್ದರೆ ನಾನು ಅವನಿಗೆ ಆ ಹುಡುಗ ಸಿಕ್ಕಿಬಿಡುತ್ತಾನಲ್ಲ ಎಂದು ಹೊಟ್ಟೆ ಉರಿದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆಯೇ. ಬಾಯಲ್ಲಿ ಮಾತ್ರ, ‘ಒಳ್ಳೇದೇ ಆಗುತ್ತೆ ಬುಡು’ ಎಂದೆ.

ಡಿಸೆಂಬರಿನಲ್ಲಿ ಫೈನಲ್ಲಿಗೆ ಮತ್ತೆ ನಾವೂ ಅವರೂ ಬಂದೆವು. ಎರಡೂ ಊರಿಗೆ ಸೇರದ ಜಾಗ ಇರಲೆಂದು ತುರುವೇಕೆರೆಯಲ್ಲಿ ಪಂದ್ಯ. ಮ್ಯಾಟು ನಮ್ಮದು. ಹಿಂದಿನ ದಿನವೇ ಅದನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿ ಕಳಿಸಿದ್ದೆ. ಬೆಳಿಗ್ಗೆ ಎಂಟಕ್ಕೆಲ್ಲಾ ಹಾಸಿ ಬಿಗಿದದ್ದಾಯಿತು. ಮೈದಾನದ ಮೂರು ಕಡೆ ತೆಂಗಿನ ತೋಟ. ಮೊದಲ ಸಾಲಿನ ಮರಗಳೇ ಬೌಂಡರಿ, ಅವುಗಳ ತಲೆಯ ಮೇಲೆ ಹಾದರೆ ಸಿಕ್ಸರ್.

ಆಗ ನಮ್ಮಲ್ಲಿ ತರಬೇತಾದ ಅಂಪೈರುಗಳು ಇರಲಿಲ್ಲ. ಎರಡೂ ತಂಡದ ಪಿ.ಟಿ. ಮೇಷ್ಟ್ರುಗಳೇ ಬಿಳಿ ಕೋಟು ಹಾಕಿಕೊಂಡು ಅಂಪೈರುಗಳಾಗುವುದು ಪದ್ಧತಿ. ಒಂದು ಓವರಿಗೆ ಒಬ್ಬ ಬೌಲರ್ ಪಕ್ಕದಲ್ಲಿ ನಿಂತರೆ ಇನ್ನೊಬ್ಬ ಬ್ಯಾಟು ಮಾಡುವವನ ಪಕ್ಕಕ್ಕೆ, ಸುಮಾರು ಇಪ್ಪತ್ತು ಹೆಜ್ಜೆ ದೂರದ ಸ್ಕ್ವೇರ್ ಲೆಗ್ಗಿನಲ್ಲಿ ನಿಲ್ಲುತ್ತಾನೆ. ಮುಂದಿನ ಓವರಿಗೆ ಅದಲು ಬದಲು. ತನ್ನ ಹುಡುಗರ ಆಟಕ್ಕೆ ತಾನೇ ನ್ಯಾಯ ಹೇಳುವ ಈ ಪದ್ಧತಿ ನಡೆಯುತ್ತಿದ್ದದ್ದು ಮೇಷ್ಟ್ರುಗಳ ಮರ್ಯಾದೆಯ ಮೇಲೆ. ಅದುವರೆಗೆ ಯಾರೂ ಅದಕ್ಕೆ ಕಳಂಕ ತಂದಿರಲಿಲ್ಲ.

ಮೂವತ್ತೈದು ಓವರುಗಳ ಪಂದ್ಯ. ನಾವು ಮೊದಲು ಆಡಿ ೧೪೨ ಮಾಡಿದೆವು. ಆ ಮ್ಯಾಟಿನ ಮೇಲೆ ಅದು ಒಳ್ಳೆಯ ಮೊತ್ತ. ಅವರ ಮೊದಲ ಮೂರು ವಿಕೆಟ್ ೨೮ಕ್ಕೆ ಬಿದ್ದವು. ಓಂಕಾರ ಒಬ್ಬ ನಿಂತುಕೊಂಡ. ತೆಳ್ಳಗಿನ ಹುಡುಗ, ತೋಳಿನ ಗುಂಡಿ ಹಾಕಿದ ಅಂಗಿ, ಯಾರದೋ ದೊಡ್ಡ ಅಳತೆಯ ಪ್ಯಾಡು. ಪ್ಯಾಡಿನ ಪಟ್ಟಿಗಳನ್ನು ಬೆಳಿಗ್ಗೆ ರಾಜಶೇಖರನೇ ಕೂತು ಕಟ್ಟಿದ್ದನ್ನು ನೋಡಿದ್ದೆ.

ನಮ್ಮ ವಿಕೆಟ್ ಕೀಪರ್ ಬಸವರಾಜು ತಿಪಟೂರಿನ ಕೊಬ್ಬರಿ ವ್ಯಾಪಾರಿಯ ಮಗ. ಅವನ ಬಾಯಿಗೆ ಬೀಗ ಹಾಕುವವರು ಹುಟ್ಟಿರಲಿಲ್ಲ. ಓಂಕಾರ ಬಂದ ಕೂಡಲೇ ಶುರು ಮಾಡಿದ. ‘ಏನ್ಲಾ, ಹಂದನಕೆರೇಲಿ ಕುರಿ ಯಾರ್ಲಾ ನೋಡ್ಕೊತಾವ್ರೆ?’ ಓಂಕಾರ ಮೊಳೆಯ ಹತ್ತಿರ ಹೋಗಿ ಬಗ್ಗಿ ಎರಡೇಟು ಕುಟ್ಟಿ ಬಂದು ನಿಂತ. ಮುಂದಿನ ಚೆಂಡು ತೆಂಗಿನ ಸಾಲಿಗೆ ಹೋಯಿತು. ‘ಪ್ಯಾಡೊಳಗೆ ನೀನಿದೀಯೇನ್ಲಾ, ಕಾಣ್ತಾನೇ ಇಲ್ವಲ್ಲ.’ ಮತ್ತೆ ಮೊಳೆ. ಇಪ್ಪತ್ತನೇ ಓವರು ಮುಗಿಯುವಷ್ಟರಲ್ಲಿ ಆ ಹುಡುಗ ಎಂಟು ಸಲ ಮೊಳೆ ಕುಟ್ಟಿದ್ದ, ೩೯ ರನ್ ಮಾಡಿದ್ದ. ತಂಡದ ಮೊತ್ತ ನಾಲ್ಕು ವಿಕೆಟ್ಟಿಗೆ ೮೧. ಪ್ರತಿ ಸಲ ಅವನು ಬಗ್ಗಿದಾಗಲೂ ರಾಜಶೇಖರ ಎತ್ತಲೋ ನೋಡುತ್ತಿದ್ದ, ಆದರೆ ಅವನ ಮುಖದಲ್ಲಿ ಒಂದು ಸಣ್ಣ ತೃಪ್ತಿ ಇರುತ್ತಿತ್ತು. ಅದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ.

ನೀರಿನ ವಿರಾಮವಾಯಿತು. ಬಸವರಾಜು ಗ್ಲೌಸ್ ಬಿಚ್ಚಿಕೊಂಡು ನನ್ನ ಪಕ್ಕಕ್ಕೆ ಬಂದು, ‘ಸಾರ್, ಇವ್ನು ಮನುಷ್ಯನಾ ಮರದ ತುಂಡಾ? ಏನಂದ್ರೂ ನಾಟಲ್ವಲ್ಲ’ ಎಂದ. ಆಗ ನಾನು ಆಡಿದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ. ‘ಪಾಪ ಕಣಯ್ಯ, ಅವರಪ್ಪ ಅವನನ್ನ ಮೇಷ್ಟ್ರಿಗೆ ಕೊಟ್ಟುಬುಟ್ಟವ್ನೆ. ಅವನಿಗಿನ್ನೂ ಗೊತ್ತಿಲ್ಲ.’

ಇಷ್ಟೇ. ಹೋಗಿ ಇದನ್ನು ಅನ್ನು ಎಂದು ನಾನು ಹೇಳಲಿಲ್ಲ. ಬಹಳ ವರ್ಷ ಇದನ್ನೇ ನನಗೆ ನಾನು ಹೇಳಿಕೊಂಡು ಕಾಲ ಹಾಕಿದೆ. ಪಾಪ ಎಂಬ ಪದವನ್ನೂ ಸೇರಿಸಿದ್ದೆನಲ್ಲ. ಆದರೆ ಆ ಬಾಯಿಗೆ ಆ ಹೊತ್ತಿನಲ್ಲಿ ಆ ಮಾತು ಕೊಟ್ಟರೆ ಅದು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದಷ್ಟು ದಡ್ಡ ನಾನಾಗಿರಲಿಲ್ಲ.

ವಿರಾಮ ಮುಗಿಯಿತು. ನಾನು ಬೌಲರ್ ಪಕ್ಕ, ರಾಜಶೇಖರ ಸ್ಕ್ವೇರ್ ಲೆಗ್ಗಿನಲ್ಲಿ. ಬೌಲರ್ ಸ್ಪಿನ್ ಹಾಕುವವನಾದ್ದರಿಂದ ಬಸವರಾಜು ಸ್ಟಂಪಿಗೆ ಅಂಟಿಕೊಂಡೇ ನಿಂತಿದ್ದ. ಎರಡನೇ ಚೆಂಡಿಗೆ ಮುಂಚೆ ಅವನು ಪಿಚ್ಚಿನ ಸುತ್ತ ನಿಂತವರಿಗೆಲ್ಲ ಕೇಳುವಂತೆ ಅಂದ.

‘ಏನ್ಲಾ ಓಂಕಾರ, ನಿಮ್ಮಪ್ಪ ನಿನ್ನ ಮೇಷ್ಟ್ರಿಗೆ ಕೊಟ್ಟುಬುಟ್ಟನಂತೆ? ಮನೇಲಿ ಗಂಡುಮಕ್ಳು ಜಾಸ್ತಿಯಾದ್ವಂತಾ? ಇನ್ಮೇಲೆ ಮೇಷ್ಟ್ರ ಹೆಂಡ್ತಿನ ಅವ್ವ ಅಂತೀಯೇನ್ಲಾ?’

ಓಂಕಾರ ತಲೆಯೆತ್ತಿದ. ಬಸವರಾಜುವನ್ನು ನೋಡಲಿಲ್ಲ, ಸ್ಕ್ವೇರ್ ಲೆಗ್ಗಿನ ಕಡೆ ನೋಡಿದ. ಸುಳ್ಳಾಗಿದ್ದರೆ ರಾಜಶೇಖರ ಎಂದಿನಂತೆ ಎತ್ತಲೋ ನೋಡುತ್ತಿದ್ದ. ಆದರೆ ಅವನು ಹುಡುಗನನ್ನೇ ನೋಡುತ್ತಿದ್ದ, ಮುಖದಲ್ಲಿ ರಕ್ತವಿರಲಿಲ್ಲ. ಆ ಮಾತು ನಿಜವೆಂದು ಹುಡುಗನಿಗೆ ಆ ಮುಖದಿಂದಲೇ ತಿಳಿಯಿತು. ಅವನು ಮೊಳೆಯ ಹತ್ತಿರ ಹೋಗಿ ಬಗ್ಗಿದ.

ರಾಜಶೇಖರ ಇಪ್ಪತ್ತು ಹೆಜ್ಜೆ ನಡೆದು ಬಂದ. ಓಡಲಿಲ್ಲ. ಬಸವರಾಜುವಿನ ಅಂಗಿಯ ಕಾಲರು ಹಿಡಿದು ಕೆನ್ನೆಗೆ ಒಂದು ಹೊಡೆದ. ಬಿಳಿ ಕೋಟು ಹಾಕಿದ ಅಂಪೈರು ಆಡುತ್ತಿರುವವನಿಗೆ ಹೊಡೆದದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ಮೈದಾನದ ಸುತ್ತ ಕೂತಿದ್ದವರು ಎದ್ದು ನಿಂತರು. ಜಿಲ್ಲಾ ಅಧಿಕಾರಿ ಶಾಮಿಯಾನದಿಂದ ಹೊರಗೆ ಬಂದರು. ರಾಜಶೇಖರ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ.

‘ಅವನು ಅಂದದ್ದು ನಿನಗೆ ಕೇಳಿಸ್ತಲ್ಲ?’

ಒಂದೊಂದು ಅಕ್ಷರವೂ ಕೇಳಿಸಿತ್ತು. ಹೌದು ಎಂದಿದ್ದರೆ ಕೆಣಕಿದವನದ್ದೂ ತಪ್ಪು, ಹೊಡೆದವನದ್ದೂ ತಪ್ಪು ಎಂದು ಮಾತು ಅಲ್ಲಿಗೇ ಮುಗಿಯುತ್ತಿತ್ತು. ‘ನನಗೇನೂ ಕೇಳಿಸಲಿಲ್ಲಪ್ಪ’ ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಕೆ.ಬಿ. ಕ್ರಾಸಿನ ಎಳನೀರು ಅವನಿಗೆ ನೆನಪಾದದ್ದು ಆಗಲೇ ಇರಬೇಕು. ಕೋಟು ಬಿಚ್ಚಿ ಮಡಿಸಿ ನನ್ನ ಕೈಗಿಟ್ಟು ಮೈದಾನದಿಂದ ಹೊರಗೆ ನಡೆದ. ತುರುವೇಕೆರೆಯ ಒಬ್ಬ ಮೇಷ್ಟ್ರು ಆ ಕೋಟು ಹಾಕಿಕೊಂಡು ಬಂದರು. ಅಷ್ಟು ಹೊತ್ತೂ ಓಂಕಾರ ಮೊಳೆ ಕುಟ್ಟುತ್ತಲೇ ಇದ್ದ. ಅದು ತಲೆಯವರೆಗೆ ನೆಲಕ್ಕಿಳಿದು ಎಷ್ಟೋ ಹೊತ್ತಾಗಿತ್ತು.

ಆಮೇಲೆ ಅವನು ಆಡಿದ ಆಟವನ್ನು ವರ್ಣಿಸಲು ನನಗೆ ಮನಸ್ಸಿಲ್ಲ. ಕೆನ್ನೆ ಊದಿಸಿಕೊಂಡ ಬಸವರಾಜು ಬಾಯಿ ಬಿಡಲಿಲ್ಲ. ಓಂಕಾರ ಎಡಕ್ಕೂ ಬಲಕ್ಕೂ ನೋಡದೆ ಎರಡು ಓವರು ಬಾಕಿ ಇರುವಾಗ ೧೪೩ ಮುಟ್ಟಿಸಿದ. ಅವನದು ೭೮, ಔಟಾಗದೆ. ಆಟ ಮುಗಿದ ಮೇಲೆ ಎಲ್ಲರ ಕೈ ಕುಲುಕಿದ, ಬಸವರಾಜುವಿನದೂ. ಕೊನೆಗೆ ನನ್ನ ಹತ್ತಿರ ಬಂದ. ಏನೋ ಅನ್ನುತ್ತಾನೆಂದು ಎದೆ ಗಟ್ಟಿ ಮಾಡಿಕೊಂಡೆ. ‘ಮ್ಯಾಟು ಬಿಗಿಯಾಗಿತ್ತು ಸಾರ್’ ಎಂದು ಹೇಳಿ ಹೋದ.

ಕಪ್ಪು ನಾಲ್ಕನೇ ಸಲ ಅವರಿಗೇ ಹೋಯಿತು. ಆದರೆ ಮೊದಲಿಂದ ಕೊನೆಯವರೆಗೆ ಮೈದಾನದಲ್ಲಿದ್ದ ಅಂಪೈರು ನಾನೊಬ್ಬನೇ ಆದ್ದರಿಂದ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕೇ ವಾಕ್ಯ ಬರೆದೆ. ಇಪ್ಪತ್ತೊಂದನೇ ಓವರಿನಲ್ಲಿ ಅಂಪೈರು ಶ್ರೀ ರಾಜಶೇಖರ್ ಅವರು ತಿಪಟೂರು ತಂಡದ ಕೀಪರಿಗೆ ಕೆನ್ನೆಗೆ ಹೊಡೆದರು. ಅನಂತರ ತಮ್ಮ ಸ್ಥಾನವನ್ನು ಬಿಟ್ಟು ಹೋದರು. ಬದಲಿ ಅಂಪೈರಿನೊಂದಿಗೆ ಪಂದ್ಯ ಮುಗಿಯಿತು. ಯಾವುದೇ ಪ್ರಚೋದನೆ ನನ್ನ ಗಮನಕ್ಕೆ ಬಂದಿರುವುದಿಲ್ಲ. ಮೊದಲ ಮೂರು ವಾಕ್ಯ ಸತ್ಯ, ಕೊನೆಯದೊಂದೇ ಸುಳ್ಳು. ನನ್ನ ಕೈಬರಹ ಎಂದೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ.

ವಿಚಾರಣೆಯಲ್ಲಿ ಬಸವರಾಜು ಏನು ಅಂದನೆಂದು ರಾಜಶೇಖರನನ್ನು ಕೇಳಿದರಂತೆ. ಅವನು ಹೇಳಲಿಲ್ಲವಂತೆ. ಹೇಳಿದರೆ ಆ ಮಾತು ಕಾಗದದ ಮೇಲೆ ಬರುತ್ತದೆ, ಓಂಕಾರನ ಹೆಸರೂ ಅವನ ಅಪ್ಪನ ಹೆಸರೂ ಕಚೇರಿಯ ಫೈಲಿನಲ್ಲಿ ಸೇರುತ್ತವೆ. ‘ಹೊಡೆದದ್ದು ನಿಜ, ತಪ್ಪು ನನ್ನದು’ ಎಂದಷ್ಟೇ ಹೇಳಿ ಸಹಿ ಹಾಕಿದನಂತೆ. ಇದನ್ನು ಕೇಳಿದಾಗಲೂ ನನಗೆ ಮೊದಲು ಬಂದದ್ದು ಮರುಕವಲ್ಲ. ಇಲ್ಲೂ ಇವನೇ ದೊಡ್ಡವನಾದನಲ್ಲ ಎಂಬ ಹೊಟ್ಟೆಕಿಚ್ಚು.

ಓಂಕಾರ ಆ ವಾರವೇ ಮೇಷ್ಟ್ರ ಮನೆ ಬಿಟ್ಟ. ಜಗಳವಾಡಿ ಹೋಗಲಿಲ್ಲ. ಪರೀಕ್ಷೆ ಹತ್ತಿರ ಬಂತು, ಸ್ನೇಹಿತರ ಜೊತೆ ಓದಿಕೊಳ್ಳುತ್ತೇನೆ ಎಂದು ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದ. ಚಿಕ್ಕನಾಯಕನಹಳ್ಳಿಯ ನನ್ನ ನೆಂಟರು ಹೇಳಿದ್ದು: ಭಾನುವಾರ ಭಾನುವಾರ ಊಟಕ್ಕೆ ಮೇಷ್ಟ್ರ ಮನೆಗೆ ಬರುತ್ತಿದ್ದ, ಚಪ್ಪಲಿಯನ್ನು ಒಳಗೆ ಬಿಡದೆ ಹೊರಗೆ ಬಿಟ್ಟು, ಕರೆದರೆ ಮಾತ್ರ ಅಡುಗೆಮನೆಗೆ ಹೋಗಿ, ಅತಿಥಿಯ ಹಾಗೆ ಉಂಡು ಹೋಗುತ್ತಿದ್ದ. ಕೇಳಬೇಕೆಂದಿದ್ದ ಮಾತನ್ನು ರಾಜಶೇಖರ ಕೊನೆಗೂ ಕೇಳಲಿಲ್ಲ. ಎಲ್ಲರೆದುರಿಗೆ ಬೇರೆ ಯಾರೋ ಕೇಳಿ ಹೊಲಸು ಮಾಡಿದ ಮೇಲೆ ಅದನ್ನು ಮತ್ತೆ ಕೇಳುವುದಾದರೂ ಹೇಗೆ?

ಬೇಸಿಗೆಯಲ್ಲಿ ಕೋರ್ಸಿಗೆ ಹೋದವನು ನಾನು. ನಾಲ್ಕನೇ ವಾರ ಒಬ್ಬ ಹಿರಿಯ ತರಬೇತುದಾರರು ಸ್ಲೆಡ್ಜಿಂಗ್ ಎಂಬ ಪದವನ್ನು ಬೋರ್ಡಿನ ಮೇಲೆ ಬರೆದು ವಿವರಿಸಿ, ಇದಕ್ಕೆ ಆಟಗಾರ ಹೇಗೆ ಸ್ಪಂದಿಸಬೇಕು ಎಂದು ಕೇಳಿದರು. ಒಬ್ಬ ವಾಪಸು ಬೈಯಬೇಕು ಎಂದ. ಒಬ್ಬ ಅಂಪೈರಿಗೆ ದೂರು ಕೊಡಬೇಕು ಎಂದ. ಅದನ್ನು ಕೇಳಿ ನಾನು ನೆಲ ನೋಡಿದೆ. ನನ್ನ ಸರದಿ ಬಂದಾಗ ಎದ್ದು ಮೊಳೆಯ ವಿಷಯ ಹೇಳಿದೆ. ಉಸಿರು, ಬೌಲರನ ಲಯ, ಬಿಗಿಯಾಗುವ ಮ್ಯಾಟು, ಎಲ್ಲವನ್ನೂ ವಿವರಿಸಿದೆ. ನಲವತ್ತು ಜನ ಚಪ್ಪಾಳೆ ತಟ್ಟಿದರು. ತರಬೇತುದಾರರು, ‘ಬಹಳ ಚೆನ್ನಾಗಿದೆ. ಇದು ನೀವೇ ಕಂಡುಕೊಂಡದ್ದಾ?’ ಎಂದು ಕೇಳಿದರು.

‘ಹೌದು ಸಾರ್’ ಎಂದೆ.

೧೯೮೨ರ ಡಿಸೆಂಬರಿನ ಪಂದ್ಯ ಮತ್ತೆ ತುರುವೇಕೆರೆಯಲ್ಲಿ. ಒಂದು ವರ್ಷ ಅಂಪೈರಾಗಬಾರದೆಂದು ರಾಜಶೇಖರನಿಗೆ ವಿಧಿಸಿದ್ದ ಶಿಕ್ಷೆ ಮುಗಿದಿತ್ತು. ಇಬ್ಬರೂ ಬಿಳಿ ಕೋಟು ಹಾಕಿಕೊಂಡು ಟಾಸಿಗೆ ಮುಂಚೆ ಪಿಚ್ಚಿನ ಹತ್ತಿರ ನಿಂತೆವು. ಹುಡುಗರು ಇನ್ನೂ ದೂರದಲ್ಲಿದ್ದರು. ಒಂದು ವರ್ಷದಿಂದ ಮನಸ್ಸಿನಲ್ಲೇ ಹೇಳಿ ಹೇಳಿ ಪಾಠವಾಗಿದ್ದ ಮಾತುಗಳನ್ನು ಶುರು ಮಾಡಿದೆ. ‘ರಾಜಶೇಖರ, ಅವತ್ತು ನಾನು ಬೇಕೂಂತ ಹೇಳಿದ್ದಲ್ಲ ಕಣೋ. ಬಾಯಿ ತಪ್ಪಿ ಬಂದು...’

ಅವನು ನನ್ನ ಕಡೆ ನೋಡಲಿಲ್ಲ. ತಿರುಗಿ ಮ್ಯಾಟಿನ ಮೂಲೆಗೆ ನಡೆದ. ಕೋಟಿನ ಚುಂಗು ಎತ್ತಿಕೊಂಡು ಬಗ್ಗಿ, ಪಕ್ಕದಲ್ಲಿದ್ದ ಒಂದು ಕಲ್ಲಿನಿಂದ ಮೊಳೆಯನ್ನು ಎರಡೇಟು ಕುಟ್ಟಿದ. ಕೈ ಒರೆಸಿಕೊಂಡು ವಾಪಸು ಬಂದು ಮೊದಲಿನ ಜಾಗದಲ್ಲೇ ನಿಂತ.

‘ಟೈಮಾಯ್ತು’ ಎಂದ. ‘ಹುಡುಗರನ್ನ ಕರೀರಿ, ಟಾಸ್ ಹಾಕ್ಸಾನ.’

ಹದಿನಾರು ವರ್ಷದಲ್ಲಿ ಅವನು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಆಮೇಲೆ ಏಕವಚನ ಬರಲೇ ಇಲ್ಲ. ಆ ಮೊಳೆ ಸಡಿಲವಾಗಿರಲೂ ಇಲ್ಲ. ಅಂದು ಬೆಳಿಗ್ಗೆ ಅದನ್ನು ಹೊಡೆದು ಬಿಗಿದವನು ನಾನೇ.

ಕಿಚಾಯಿಸುವವರಿಗೆ ಏನು ಉತ್ತರ ಕೊಡಬೇಕು ಎಂದು ಕೇಳುವ ಹುಡುಗರಿಗೆ ನನ್ನ ವೃತ್ತಿ ಕಲಿಸಿದ್ದನ್ನೇ ಹೇಳುತ್ತೇನೆ. ಬಾಯಿಗೆ ಬಾಯಿ ಕೊಡಬೇಡಿ. ಮ್ಯಾಟು ಹೋಗಿ ಸಿಮೆಂಟು ಬಂದಿದೆ, ಮೊಳೆ ಇಲ್ಲದಿದ್ದರೆ ಗ್ಲೌಸಿನ ಪಟ್ಟಿ ಇದೆ, ಕಾಲಿನ ಲೇಸು ಇದೆ. ಬಗ್ಗಿ, ಕೈಗೆ ಒಂದು ಕೆಲಸ ಕೊಡಿ, ಎದ್ದು ಬಂದು ಆಡಿ. ಇದು ಎಷ್ಟು ಆಳಕ್ಕೆ ನಾಟುತ್ತದೆ ಎಂದು ನನ್ನಷ್ಟು ಖಚಿತವಾಗಿ ಹೇಳಬಲ್ಲವರು ಕಡಿಮೆ, ಏಕೆಂದರೆ ಕೆಣಕಿದವನ ಜಾಗದಲ್ಲಿ ನಿಂತು ನಾನು ಅದನ್ನು ತಿಂದಿದ್ದೇನೆ. ರಾಜಶೇಖರ ಅವತ್ತು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಇನ್ನು ಇದನ್ನು ಯಾರೂ ಗಂಗಾಧರಪ್ಪ ಮೇಷ್ಟ್ರ ಉಪಾಯ ಎನ್ನಬಾರದು. ಇದನ್ನು ಕಂಡುಕೊಂಡವನು ನೊಣವಿನಕೆರೆಯ ರಾಜಶೇಖರ. ಅವನದನ್ನು ಅವನಿಗೆ ಕೊಟ್ಟೆ ಎಂದು ಈಗಲಾದರೂ ನನಗೆ ಸಮಾಧಾನವಾಗಬೇಕಿತ್ತು. ಆದರೆ ಅವನ ಹೆಸರನ್ನು ಇಲ್ಲಿ ಬರೆಯುವಾಗಲೂ, ಇದು ನನಗೇ ಹೊಳೆಯಬಾರದಿತ್ತೇ ಎಂದು ಹೊಟ್ಟೆ ಉರಿಯುತ್ತಲೇ ಇದೆ.